ಲೇಸರ್ ಆದ ಕಣ್ಣಿಗೆ ಲೆನ್ಸ್: ಹಳೇ ಚೀಟಿ ಇಲ್ಲದೆಯೂ ಲೆಕ್ಕ ಕೂಡಿಬಂತು

ಲಾಸಿಕ್ (ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಲೇಸರ್‌ನಿಂದ ತಿದ್ದಿ ಕನ್ನಡಕ ಬಿಡಿಸುವ ಚಿಕಿತ್ಸೆ) ಆದ ಕಣ್ಣಿನ ಪೊರೆ ತೆಗೆಯೋದು ಕಷ್ಟವೇನಲ್ಲ. ಯಾವ ಪವರಿನ ಲೆನ್ಸ್ ಹಾಕಬೇಕು ಅನ್ನೋದೇ ತಲೆನೋವು.

ಮೊದಲ ಕೇಸಿನಲ್ಲಿ ಮಾಮೂಲಿ ಫಾರ್ಮುಲಾ ನಂಬಿ 19.5 ಡಯಾಪ್ಟರ್ (ಪವರಿನ ಅಳತೆ) ಲೆನ್ಸ್ ಹಾಕಿದ್ದೆ. ಮರುದಿನ ಕಾರ್ನಿಯಾ ಗಾಜಿನ ಹಾಗೆ ತಿಳಿಯಾಗಿತ್ತು. ಪವರ್ ನೋಡಿದರೆ ಪ್ಲಸ್ 2! ಕನ್ನಡಕ ಬೇಡ ಅಂತಲೇ ದುಡ್ಡು ಸುರಿದು ಲೇಸರ್ ಮಾಡಿಸಿಕೊಂಡಿದ್ದ ಹೆಂಗಸು. ಈಗ ದೂರಕ್ಕೂ ಕನ್ನಡಕ, ಹತ್ತಿರಕ್ಕೂ ಕನ್ನಡಕ. "ಪೊರೆ ಇದ್ದಾಗಲೇ ವಾಸಿಯಿತ್ತು" ಅಂದರು. ಮೂರನೇ ವಾರ, ಬ್ಯಾಗ್ (ಲೆನ್ಸ್ ಕೂರುವ ಕಣ್ಣೊಳಗಿನ ತೆಳು ಚೀಲ) ಲೆನ್ಸನ್ನು ಬಿಗಿಯಾಗಿ ಹಿಡಿಯುವ ಮೊದಲೇ, ಬದಲಿಸಿದೆ. ಹೊಸ ಲೆನ್ಸು, ಥಿಯೇಟರ್ ಖರ್ಚು ಎಲ್ಲ ನನ್ನ ಜೇಬಿನಿಂದ. ಆ ತಿಂಗಳು ದುಡಿದಿದ್ದು ಅಲ್ಲಿಗೇ ಸರಿಹೋಯಿತು.

ಲೇಸರ್‌ಗೆ ಮುಂಚಿನ ಕಣ್ಣಿನ ರೀಡಿಂಗ್ (ಅಳತೆ) ಇಲ್ಲದೆ ಮುಟ್ಟಲೇಬೇಡ ಅಂತ ಹಿರಿಯರು ಬೈದರು. ಇಪ್ಪತ್ತು ವರ್ಷದ ಹಿಂದಿನ ಚೀಟಿ ಯಾರು ಇಟ್ಟಿರುತ್ತಾರೆ? ಇಟ್ಟಿದ್ದರೂ ಅದರಲ್ಲಿ ಒಂದು ಡಯಾಪ್ಟರ್ ತಪ್ಪಿದ್ದರೆ ನಮ್ಮ ಲೆಕ್ಕವೂ ಸುಮಾರು ಅಷ್ಟೇ ತಪ್ಪುತ್ತದೆ, ಅಲ್ವಾ? ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಅಳೆಯುವುದನ್ನೂ ನೋಡಿದೆ. ಪೊರೆ ಬಲಿತವರಿಗೆ ಬೋರ್ಡೇ ಕಾಣೋದಿಲ್ಲ, ಏನನ್ನು ಅಳೆಯೋದು? ಪೊರೆ ತೆಗೆದ ಮೇಲೆ ಟೇಬಲ್ ಮೇಲೆಯೇ ಕೈ ಆಟೋರಿಫ್ರಾಕ್ಟರ್ (ಕಣ್ಣಿನ ಪವರ್ ಅಳೆಯುವ ಯಂತ್ರ) ಹಿಡಿದೂ ನೋಡಿದೆ. ರೆಪ್ಪೆ ತೆರೆದಿಡುವ ಸ್ಪೆಕ್ಯುಲಮ್ ಸ್ವಲ್ಪ ಒತ್ತಿದರೂ ನಂಬರ್ ಕುಣಿಯುತ್ತಿತ್ತು. ಬಿಟ್ಟೆ.

ಕೊನೆಗೆ ಕೈಹಿಡಿದಿದ್ದು ಒಣಗಣ್ಣಿನ ಕಡೆ ಗಮನ ಕೊಟ್ಟಿದ್ದು. ಒಬ್ಬರಿಗೆ ಕೆ ರೀಡಿಂಗ್ (ಕಾರ್ನಿಯಾದ ಬಾಗಿನ ಅಳತೆ) ಒಮ್ಮೆ 38.2, ಇನ್ನೊಮ್ಮೆ 38.9, ಮತ್ತೊಮ್ಮೆ 37.6. ಮೂರು ವಾರ ಡ್ರಾಪ್ಸ್ ಹಾಕಿಸಿ ಮತ್ತೆ ಅಳೆದರೆ ಎರಡು ಬೇರೆ ಬೇರೆ ದಿನವೂ 38ರ ಆಸುಪಾಸು. ಆಮೇಲೆ ಹಳೇ ರೀಡಿಂಗ್ ಇಲ್ಲದೆಯೂ ನಡೆಯುವ ಫಾರ್ಮುಲಾಗಳಾದ ಹೈಗಿಸ್-ಎಲ್, ಶಮ್ಮಾಸ್, ಬ್ಯಾರೆಟ್ ಟ್ರೂ-ಕೆ ಮೂರನ್ನೂ ಹಾಕಿ ನಡುವಿನ ಪವರ್ ತಗೊಂಡೆ, ಗುರಿ ಮೈನಸ್ ಅರ್ಧ. ಮೂರೂ ಒಂದಕ್ಕೊಂದು ತಾಳೆಯಾಗದಿದ್ದರೆ ನಾನು ಯಾವುದರ ಕಡೆ ವಾಲುತ್ತೇನೆ ಅನ್ನೋದನ್ನು ಇಲ್ಲಿ ಹೇಳಲ್ಲ, ಕ್ಷಮಿಸಿ. ಅದಕ್ಕೆ ಜಾಸ್ತಿ ಫೀಸು ಕಟ್ಟಿದ್ದೇನೆ!

ಪ್ಲಸ್ ಪವರಿಗೆ ಲೇಸರ್ ಮಾಡಿಸಿದವರಲ್ಲಿ ತಪ್ಪು ಉಲ್ಟಾ ದಿಕ್ಕಿಗೆ, ಅಂದರೆ ಮೈನಸ್ ಕಡೆಗೆ, ಹೋಗುತ್ತದೆ. ಒಬ್ಬರಿಗೆ ಯಾವ ಪವರಿಗೆ ಲೇಸರ್ ಆಗಿತ್ತು ಅಂತ ಕೇಳದೆ ಸುಮ್ನೆ ಅದೇ ಲೆಕ್ಕ ಹಾಕಿ ಮೈನಸ್ ಒಂದೂವರೆ ತಂದಿಟ್ಟಿದ್ದೆ. ಪುಣ್ಯಕ್ಕೆ ಅವರು ಓದುವ ಚಾಳಿಯವರು, ಹತ್ತಿರದ್ದು ಕನ್ನಡಕವಿಲ್ಲದೆ ಕಾಣುತ್ತೆ ಅಂತ ಖುಷಿಯಾಗಿಯೇ ಹೋದರು. ಆರ್‌ಕೆ (ಲೇಸರ್ ಬರುವ ಮೊದಲು ಕಾರ್ನಿಯಾಗೆ ಬ್ಲೇಡಿನಿಂದ ಗೀರಿ ಮೈನಸ್ ಪವರ್ ಇಳಿಸುತ್ತಿದ್ದ ಚಿಕಿತ್ಸೆ) ಆದ ಕಣ್ಣುಗಳ ಕಥೆಯೇ ಬೇರೆ, ಬೆಳಿಗ್ಗೆ ಒಂದು ಪವರ್, ಸಂಜೆ ಇನ್ನೊಂದು. ಅವರಿಗೆ ಮೊದಲ ವಾರ ಪ್ಲಸ್ ಬಂದರೆ ಲೆನ್ಸ್ ಬದಲಿಸಲು ಓಡಬೇಡಿ. ಊತ ಇಳಿಯೋಕೆ ತಿಂಗಳುಗಟ್ಟಲೆ ಹಿಡಿಯಬಹುದು.

ಇದುವರೆಗೆ ಸುಮಾರು ನಲವತ್ತು ಕಣ್ಣು ಆಗಿವೆ. ಮೂವತ್ತಕ್ಕೂ ಮೇಲೆ ಗುರಿಯಿಂದ ಅರ್ಧ ಡಯಾಪ್ಟರ್ ಒಳಗೇ ನಿಂತಿವೆ. ಬೈದಿದ್ದ ಹಿರಿಯರೊಬ್ಬರು ಹೋದ ತಿಂಗಳು ತಮ್ಮ ಕೇಸಿನ ರೀಡಿಂಗ್ ಕಳಿಸಿ, "ಇದಕ್ಕೆ ಎಷ್ಟು ಹಾಕ್ತೀಯ?" ಅಂತ ಕೇಳಿದರು. ಮೊದಲು ಡ್ರಾಪ್ಸ್ ಹಾಕಿಸಿ, ಮೂರು ವಾರ ಬಿಟ್ಟು ಮತ್ತೆ ಅಳೆದು ಕಳಿಸಿ ಅಂದೆ.