ಫೋಟೋಗೂ ಬೇಕು ನಡೆ: ಕ್ಲಿಪ್‌ಗೆ ನಿರಂತರ ಚಲನೆ ಕೊಡುವುದು ಹೇಗೆ?

ಕೋಲ, ಬಯಲಾಟ, ಗೃಹಪ್ರವೇಶ... ಯಾವುದರ ವಿಡಿಯೋ ಮಾಡಿದರೂ ನಡುವೆ ನಾಲ್ಕಾರು ಫೋಟೋ ಸೇರಿಸಲೇಬೇಕಾಗುತ್ತದೆ. ಓಡುವ ದೃಶ್ಯಗಳ ಮಧ್ಯೆ ಫೋಟೋ ಬಂದು ಕದಲದೆ ನಿಂತರೆ, ವಿಡಿಯೋವೇ ಸಿಕ್ಕಿಹಾಕಿಕೊಂಡಿತೋ ಏನೋ ಅನ್ನಿಸುತ್ತದೆ. ಅದನ್ನು ನಿಧಾನವಾಗಿ ಮೇಲಕ್ಕೋ ಒಳಕ್ಕೋ ಸರಿಸುತ್ತಿದ್ದರೆ ಈ ತೊಡಕಿಲ್ಲ. ಇಲ್ಲಿನ ವಿವರ ಕೆಡೆನ್‌ಲೈವ್ ತಂತ್ರಾಂಶದ್ದು. ಅದು ಉಚಿತ, ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲೂ ನಡೆಯುತ್ತದೆ. ಕೇರಳದ ಶಾಲೆಗಳ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಕ್ಲಬ್‌ನ ತರಬೇತಿಯಲ್ಲಿ ಇದನ್ನೇ ಬಳಸುವುದರಿಂದ, ಕಾಸರಗೋಡಿನ ಕಡೆ ಅನುಮಾನ ಬಂದರೆ ಕೇಳಲು ಮನೆಯಲ್ಲೇ ಹೈಸ್ಕೂಲಿನ ಮಕ್ಕಳು ಇದ್ದಾರು.

ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ 1920×1080, ಸೆಕೆಂಡಿಗೆ 25 ಫ್ರೇಮ್ ಆರಿಸಿ. ಫೋಟೋ ಟೈಮ್‌ಲೈನ್‌ಗೆ ಬಂದಾಗ ಸಾಮಾನ್ಯವಾಗಿ 5 ಸೆಕೆಂಡ್ ಇರುತ್ತದೆ. ಅಂಚು ಹಿಡಿದು 8 ಸೆಕೆಂಡಿಗೆ ಎಳೆಯಿರಿ. ಅಂದರೆ 200 ಫ್ರೇಮ್. ಎಫೆಕ್ಟ್ಸ್ ಪಟ್ಟಿಯಲ್ಲಿ ಟ್ರಾನ್ಸ್‌ಫಾರ್ಮ್ ಹುಡುಕಿ ಕ್ಲಿಪ್ ಮೇಲೆ ಬಿಡಿ. ಎಕ್ಸ್ (ಚಿತ್ರದ ಅಡ್ಡ ಸ್ಥಾನ), ವೈ (ಮೇಲೆ-ಕೆಳಗಿನ ಸ್ಥಾನ), ಅಗಲ, ಎತ್ತರ, ಸೈಜ್, ರೊಟೇಶನ್ ಎಂಬ ಅಂಕಣಗಳೂ ಕೀಫ್ರೇಮ್‌ಗಳ ಪಟ್ಟಿಯೂ ಕಾಣಿಸುತ್ತವೆ. ಯಾವ ಫ್ರೇಮ್‌ನಲ್ಲಿ ಚಿತ್ರ ಎಲ್ಲಿ, ಎಷ್ಟು ದೊಡ್ಡದಾಗಿ ಇರಬೇಕು ಎಂದು ಹೇಳುವ ಗುರುತೇ ಕೀಫ್ರೇಮ್. ಮೊದಲ ಕೀಫ್ರೇಮ್ ಆರಂಭದಲ್ಲಿ ತಾನಾಗಿಯೇ ಇರುತ್ತದೆ. ಕ್ಲಿಪ್‌ನ ಕೊನೆಯ ಫ್ರೇಮ್‌ಗೆ ಹೋಗಿ ಇನ್ನೊಂದನ್ನು ಸೇರಿಸಿ, ಅಲ್ಲಿ ಬೇರೆ ಅಂಕಿ ಕೊಡಿ. ನಡುವಿನ ಫ್ರೇಮ್‌ಗಳ ಲೆಕ್ಕ ತಂತ್ರಾಂಶದ್ದು.

ಎಡವುವುದು ಅಂಕಿಗಳಲ್ಲಿ. ಕೋಲದಲ್ಲಿ ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ 3000×4000 ಪಿಕ್ಸೆಲ್‌ನ ಫೋಟೋ ಇದೆ ಅಂದುಕೊಳ್ಳಿ. ಕಾಲಿನ ಗಗ್ಗರದಿಂದ ಶುರುವಾಗಿ ಬೆನ್ನ ಹಿಂದೆ ಕಟ್ಟುವ ಎತ್ತರದ ಅಲಂಕಾರವಾದ ಅಣಿಯ ತುದಿಯವರೆಗೆ ದೃಶ್ಯ ಏರಬೇಕು. ಟ್ರಾನ್ಸ್‌ಫಾರ್ಮ್‌ನ ಫಿಟ್ ಟು ವಿಡ್ತ್ ಒತ್ತಿದರೆ ಅಗಲ 1920, ಎತ್ತರ 2560 ಆಗುತ್ತದೆ. ಪರದೆಯ ಎತ್ತರ 1080 ಮಾತ್ರ, ಮಿಕ್ಕ 1480 ಪಿಕ್ಸೆಲ್ ಹೊರಗೆ. ಹಾಗಾಗಿ ಆರಂಭದಲ್ಲಿ ವೈ -1480, ಕೊನೆಯಲ್ಲಿ ವೈ 0. ಲೆಕ್ಕ ಸರಿ, ಆದರೆ ನೋಡಿದರೆ ಕಣ್ಣು ಕತ್ತಲಿಡುತ್ತದೆ: 1480 ಪಿಕ್ಸೆಲನ್ನು 200 ಫ್ರೇಮ್‌ನಲ್ಲಿ ದಾಟಬೇಕಾದರೆ ಫ್ರೇಮಿಗೆ 7 ಪಿಕ್ಸೆಲ್‌ಗೂ ಹೆಚ್ಚು. ಮುಖದ ಬಣ್ಣಗಾರಿಕೆಯ ಗೆರೆಗಳು ನಡುಗುತ್ತಾ ಓಡುತ್ತವೆ. ಫ್ರೇಮಿಗೆ 3 ಪಿಕ್ಸೆಲ್ ದಾಟದಿರುವುದು ಒಳ್ಳೆಯದು. ಪೂರ್ತಿ ತೋರಿಸಲೇಬೇಕೆಂದರೆ ಕ್ಲಿಪ್ 20 ಸೆಕೆಂಡ್ ಆಗಬೇಕು, ಅಷ್ಟು ಹೊತ್ತು ಒಂದೇ ಫೋಟೋ ಯಾರು ನೋಡುತ್ತಾರೆ? ಗಗ್ಗರವನ್ನು ಬಿಟ್ಟು, ವೈ -600ರಿಂದ -100ರವರೆಗೆ, ಎದೆಯಿಂದ ಅಣಿಯತ್ತ ಸರಿಸಿ. ಫ್ರೇಮಿಗೆ ಎರಡೂವರೆ ಪಿಕ್ಸೆಲ್, ಹಿತವಾಗಿರುತ್ತದೆ.

ಅಡ್ಡ ಫೋಟೋಗೆ, ಉದಾಹರಣೆಗೆ ಕಾಸರಗೋಡಿನ ಅನಂತಪುರದ ಸರೋವರ ದೇವಸ್ಥಾನದ ದೃಶ್ಯಕ್ಕೆ, ಮೆಲ್ಲನೆ ಹತ್ತಿರವಾಗುವ ಝೂಮ್ ಒಪ್ಪುತ್ತದೆ. 100ರಿಂದ 110 ಶೇಕಡಾ ಸಾಕು. 130 ಮಾಡಿದರೆ ಜಾಹೀರಾತಿನ ಹಾಗಾಗುತ್ತದೆ. ಪರದೆಯದೇ ಆಕಾರದ, ಅಂದರೆ 16:9ರ ಚಿತ್ರ 110 ಶೇಕಡಾದಲ್ಲಿ 2112×1188 ಆಗುತ್ತದೆ. ನಡುಮಧ್ಯಕ್ಕೇ ಝೂಮ್ ಆಗಬೇಕಾದರೆ ಎಕ್ಸ್ -96, ವೈ -54 ಇರಬೇಕು. ಎರಡೂ ಸೊನ್ನೆಯಲ್ಲೇ ಉಳಿದರೆ ಚಿತ್ರ ಬಲಕ್ಕೂ ಕೆಳಕ್ಕೂ ಜಾರುತ್ತಾ ದೊಡ್ಡದಾಗುತ್ತದೆ. ಮೂಲ ಫೋಟೋದ ಅಗಲವೂ 2112 ಪಿಕ್ಸೆಲ್‌ಗಿಂತ ಕಡಿಮೆ ಇರಬಾರದು. ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿ ಕುಗ್ಗಿರುತ್ತದೆ, ತೆಗೆದವರಿಂದ ಮೂಲ ಫೈಲನ್ನೇ ಕೇಳಿ ಪಡೆಯಿರಿ.

ಅಂಕಿಗಳೆಲ್ಲ ಸರಿಯಿದ್ದರೂ ಕೆಲವೊಮ್ಮೆ ಒಂದು ಫೋಟೋ ಕರಗಿ ಇನ್ನೊಂದು ಬರುವಾಗ ಚಲನೆ ಗಕ್ಕನೆ ನಿಲ್ಲುತ್ತದೆ. ಒಂದೇ ಟ್ರ್ಯಾಕ್‌ನಲ್ಲಿ ತಾಗಿಕೊಂಡಿರುವ ಕ್ಲಿಪ್‌ಗಳ ನಡುವೆ ಯು ಕೀಲಿ ಒತ್ತಿ ಮಿಕ್ಸ್ ಹಾಕಿದಾಗ, ಒಂದರ ಮೇಲೊಂದು ಬರಲು ಅವುಗಳ ಅಂಚು ಚಾಚಿಕೊಳ್ಳುತ್ತದೆ. ಕೀಫ್ರೇಮ್ ಮಾತ್ರ ಹಳೆಯ ಜಾಗದಲ್ಲೇ ಉಳಿಯುತ್ತದೆ. ಚಾಚಿದ ಅಷ್ಟು ಫ್ರೇಮ್‌ಗಳಲ್ಲಿ ಚಿತ್ರಕ್ಕೆ ನಡೆ ಇಲ್ಲ. ಆದ್ದರಿಂದ ಮೊದಲು ಕ್ಲಿಪ್‌ಗಳ ಉದ್ದ, ಆಮೇಲೆ ಮಿಕ್ಸ್, ಕೀಫ್ರೇಮ್ ಕಟ್ಟಕಡೆಗೆ. ಪೇಸ್ಟ್ ಎಫೆಕ್ಟ್ಸ್ ಬಳಸಿ ಒಂದರ ಚಲನೆಯನ್ನು ಇನ್ನೊಂದಕ್ಕೆ ಅಂಟಿಸಿದರೂ ಇದೇ ಕಥೆ: ಹೊಸ ಕ್ಲಿಪ್ ಉದ್ದವಿದ್ದರೆ ಕೊನೆಯ ಕೀಫ್ರೇಮನ್ನು ಅದರ ತುದಿಗೆ ಎಳೆಯಬೇಕು.

ಕೀಫ್ರೇಮ್‌ನ ಬಗೆ ಲೀನಿಯರ್ (ಉದ್ದಕ್ಕೂ ಒಂದೇ ವೇಗ) ಇರಲಿ. ವೇಗ ಮೆಲ್ಲಗೆ ಬದಲಾಗುವ ಸ್ಮೂತ್ ಬೇಕಾಗುವುದು ನಡುದಾರಿಯಲ್ಲಿ ದಿಕ್ಕು ಬದಲಾಗುವಾಗ, ಮುಖ್ಯವಾಗಿ ತೂಗಾಟಕ್ಕೆ. ಶೀರ್ಷಿಕೆಯ ಹಿಂದಿನ ಚಿತ್ರ ಸಣ್ಣಗೆ ತೂಗುತ್ತಿರಬೇಕಾದರೆ ಎರಡೆರಡು ಸೆಕೆಂಡಿಗೊಂದು ಕೀಫ್ರೇಮ್ ಇಟ್ಟು ರೊಟೇಶನ್ 0.5, -0.5, ಮತ್ತೆ 0.5 ಎಂದು ಕೊಡುತ್ತಾ ಹೋಗಿ. ವಾಲಿದಾಗ ಮೂಲೆಯಲ್ಲಿ ಕಪ್ಪು ಇಣುಕದಂತೆ ಎಲ್ಲ ಕೀಫ್ರೇಮ್‌ಗಳಲ್ಲೂ ಸೈಜ್ 103 ಇರಲಿ. ರೊಟೇಶನ್ 1 ಡಿಗ್ರಿ ಕೊಟ್ಟರೆ ಸೈಜ್ 104.

ಮೊಬೈಲ್ ವಿಡಿಯೋಗೂ ಇದೇ ವಿಧಾನ ನಡೆಯುತ್ತದೆ, ಎರಡು ಎಚ್ಚರಿಕೆಗಳೊಂದಿಗೆ. ಕೈ ಅಲುಗಿದ ಕ್ಲಿಪ್ಪನ್ನು ಮೊದಲು ಸ್ಟೆಬಿಲೈಸ್ ಮಾಡಿ, ಅಂದರೆ ಅಲುಗಾಟ ತಗ್ಗಿಸಿ. ಹೆಚ್ಚಿನ ಮೊಬೈಲ್‌ಗಳು ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತವೆ, 25ರ ಪ್ರಾಜೆಕ್ಟ್‌ನಲ್ಲಿ ಪ್ರತಿ ಸೆಕೆಂಡಿಗೆ 5 ಫ್ರೇಮ್ ಬಿಟ್ಟುಹೋಗಿ ಮೂಲ ದೃಶ್ಯವೇ ಕುಂಟುತ್ತದೆ. ವಿಡಿಯೋ ಪಾಲು ಹೆಚ್ಚಿದ್ದರೆ ಪ್ರಾಜೆಕ್ಟನ್ನೇ 30ಕ್ಕೆ ಇಡಿ. ಆಗ 8 ಸೆಕೆಂಡಿಗೆ 240 ಫ್ರೇಮ್.

ಹಳೆಯ ಲ್ಯಾಪ್‌ಟಾಪ್‌ನಲ್ಲಿ ಪ್ಲೇ ಮಾಡುವಾಗ ತಡವರಿಸಿತೆಂದು ಕೂಡಲೇ ಅಂಕಿ ಬದಲಿಸಬೇಡಿ. ಆ ಭಾಗವನ್ನು ಗುರುತಿಸಿ ಶಿಫ್ಟ್ ಮತ್ತು ಎಂಟರ್ ಒಟ್ಟಿಗೆ ಒತ್ತಿ ಪ್ರಿವ್ಯೂ ರೆಂಡರ್ ಮಾಡಿ, ಅಂದರೆ ಮೊದಲೇ ಸಿದ್ಧಪಡಿಸಿಕೊಂಡು, ನೋಡಿ. ಆಗಲೂ ನಡುಗಿದರೆ ವೇಗ ತಗ್ಗಿಸಿ.