ಕಡತ ಯಾವ ಮೇಜಿನ ಮೇಲಿದೆ?

ಹಾಸನದಲ್ಲಿ ವಕೀಲಿಕೆ ಆರಂಭಿಸಿ ಹದಿನೇಳು ವರ್ಷವಾಯಿತು. ನನ್ನ ಕೈಗೆ ಬರುವುದರಲ್ಲಿ ಹೆಚ್ಚಿನವು ಭೂಸ್ವಾಧೀನದ ಪ್ರಕರಣಗಳು. 2019ರ ಮಳೆಗಾಲದಲ್ಲಿ ಆಲೂರು ಕಡೆಯ ಅಜ್ಜಿಯೊಬ್ಬರು ಗೊಬ್ಬರದ ಚೀಲವನ್ನು ಹೊಲಿದು ಮಾಡಿದ ಕೈಚೀಲದಲ್ಲಿ ಕಾಗದ ತುಂಬಿಕೊಂಡು ಬಂದರು. ಸರ್ಕಾರಿ ಕಾಮಗಾರಿಗೆ ಅವರ 1 ಎಕರೆ 12 ಗುಂಟೆ ಆಲೂಗಡ್ಡೆ ಹೊಲ ಹೋಗಿತ್ತು. ಪರಿಹಾರವನ್ನು ಹೆಚ್ಚಿಸಿ 2011ರಲ್ಲೇ ತೀರ್ಪಾಗಿತ್ತು. ಒಂದು ಕಂತು ಬಂದು ಮಿಕ್ಕದ್ದು ನಿಂತುಹೋಗಿತ್ತು. ಬಾಕಿಗಾಗಿ 2014ರಲ್ಲಿ ಹಾಕಿದ್ದ ಅಮಲ್ಜಾರಿ ಅರ್ಜಿ, ಅಂದರೆ ತೀರ್ಪನ್ನು ಜಾರಿ ಮಾಡಿಸಿ ಎಂದು ಕೋರುವ ಅರ್ಜಿ, ವಾಯಿದೆಯಿಂದ ವಾಯಿದೆಗೆ ಉರುಳುತ್ತಿತ್ತು.

“ಗೆದ್ದಿದ್ದೀಯ ಎಂದು ಎಲ್ಲರೂ ಹೇಳುತ್ತಾರೆ ಸ್ವಾಮಿ. ಗೆದ್ದದ್ದು ಎಲ್ಲಿದೆ?” ಎಂದರು ಅಜ್ಜಿ.

ಆರ್ಡರ್ ಶೀಟ್ ಓದಿದೆ. ಐದು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ವಾಯಿದೆಗಳು. ಇಲಾಖೆಯ ಉತ್ತರ ಪ್ರತಿ ಸಲವೂ ಒಂದೇ: ಅನುದಾನ ಬಂದಿಲ್ಲ, ಕಾಲಾವಕಾಶ ಬೇಕು.

ಆ ದಿನಗಳಲ್ಲೇ ನಾನು ಹಾರ್ನ್ಸ್‌ಬಿ ಪ್ರಕರಣದ ತೀರ್ಪನ್ನು ಓದಿದ್ದು. ಗ್ರೀಸ್ ದೇಶದ ರೋಡ್ಸ್ ದ್ವೀಪದಲ್ಲಿ ಇಂಗ್ಲಿಷ್ ಕಲಿಸುವ ಶಾಲೆ ತೆರೆಯಲು ಹೊರಟ ದಂಪತಿಗೆ ಅನುಮತಿ ಸಿಗಲಿಲ್ಲ. ನಿರಾಕರಣೆ ತಪ್ಪೆಂದು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ 1989ರಲ್ಲಿ ತೀರ್ಪಿತ್ತರೂ ಅಧಿಕಾರಿಗಳು ಕದಲಲಿಲ್ಲ. 1997ರಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಗ್ರೀಸ್ ಸರ್ಕಾರವನ್ನು ತಪ್ಪಿತಸ್ಥ ಎಂದಿತು. ತೀರ್ಪಿನ ಜಾರಿಯೂ ವಿಚಾರಣೆಯ ಭಾಗವೇ. ಜಾರಿಯಾಗದ ತೀರ್ಪಿನಿಂದ ನ್ಯಾಯದ ಹಕ್ಕು ಬರಿಯ ಮಾತಾಗುತ್ತದೆ ಎಂಬುದು ಅದರ ಸಾರ. ಅಜ್ಜಿ ಕೇಳಿದ್ದೂ ಅದನ್ನೇ.

ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ನಮಗಿರುವ ಆಸರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ. ಶೀಘ್ರ ವಿಚಾರಣೆ ಅದರೊಳಗಿನ ಹಕ್ಕೆಂದು 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ತೀರ್ಪಾದ ಮೇಲೆ ಸರ್ಕಾರವನ್ನು ಬೆನ್ನುಹತ್ತುವ ಯುರೋಪಿನ ಕ್ರಮ ನನ್ನ ಮನಸ್ಸಿನಲ್ಲಿ ಕೂತಿತು. ಯುರೋಪ್ ಮಂಡಳಿಯ ಸದಸ್ಯ ದೇಶಗಳ ಮಂತ್ರಿಗಳ ಸಮಿತಿಯೊಂದು ಪ್ರತಿ ತೀರ್ಪಿನ ಪಾಲನೆಯನ್ನೂ ಗಮನಿಸುತ್ತದೆ. ಸೋತ ಸರ್ಕಾರ ಏನು ಮಾಡುತ್ತೇವೆ, ಯಾವಾಗ ಮಾಡುತ್ತೇವೆ ಎಂದು ಆರು ತಿಂಗಳೊಳಗೆ ಬರೆದುಕೊಡಬೇಕು. ನೊಂದವರಿಗೆ ಕೊಡಬೇಕಾದ್ದೇನು ಎಂಬುದು ಒಂದು ಪ್ರಶ್ನೆ, ಇನ್ನೊಬ್ಬರಿಗೆ ಹೀಗಾಗದಂತೆ ಬದಲಿಸಬೇಕಾದ್ದೇನು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಸಿಗುವವರೆಗೆ ಕಡತ ಮುಚ್ಚುವುದಿಲ್ಲ. ಅಲ್ಲಿಯೂ ಎಲ್ಲ ಸುಗಮವಾಗಿಲ್ಲ. ನ್ಯಾಯಾಲಯಗಳಲ್ಲಿನ ವಿಳಂಬಕ್ಕೆ ಪರಿಹಾರ ಕೊಡಲೆಂದು ಇಟಲಿ 2001ರಲ್ಲಿ ಪಿಂಟೊ ಕಾಯ್ದೆ ತಂದಿತು. ಆ ಪರಿಹಾರದ ಹಣವೇ ತಡವಾಗಿ 2006ರಲ್ಲಿ ಸ್ಕೊರ್ಡಿನೊ ಪ್ರಕರಣದಲ್ಲಿ ಮತ್ತೆ ಛೀಮಾರಿ ಹಾಕಿಸಿಕೊಂಡಿತು.

ನಾನು ಮೊದಲು ಲೆಕ್ಕಪಟ್ಟಿಗೆ ಕೈಹಾಕಿದೆ. ಹಳೆಯ ಪಟ್ಟಿಯಲ್ಲಿ ಸೊಲೇಷಿಯಂ (ಜಮೀನಿನ ಬೆಲೆಯ ಜೊತೆಗೆ ಕೊಡುವ ಹೆಚ್ಚುವರಿ ಪರಿಹಾರ) ಮೇಲಿನ ಬಡ್ಡಿಯೇ ಬಿಟ್ಟುಹೋಗಿತ್ತು. ಅದು ಸಲ್ಲಬೇಕೆಂದು 2001ರ ಸುಂದರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಬಂದಿದ್ದ ಕಂತನ್ನು ಮೊದಲು ಬಡ್ಡಿಗೂ ಖರ್ಚಿಗೂ ಜಮಾ ಮಾಡಿ, ಆಮೇಲೆ ಅಸಲಿಗೆ ಹಚ್ಚಿದೆ. ಉಳಿದ ಅಸಲು 4 ಲಕ್ಷ ರೂಪಾಯಿ. 1894ರ ಭೂಸ್ವಾಧೀನ ಕಾಯ್ದೆಯಂತೆ ಮೊದಲ ವರ್ಷ ಕಳೆದ ಮೇಲೆ ಬಡ್ಡಿ ಶೇಕಡ 15. ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಪ್ರತಿ ತಿಂಗಳ ವಿಳಂಬಕ್ಕೆ ಖಜಾನೆಗೆ 5,000 ರೂಪಾಯಿ ಹೆಚ್ಚುವರಿ ಹೊರೆ. ಮುಂದೆ ಪ್ರತಿ ವಾಯಿದೆಯಲ್ಲೂ ಈ ಸಾಲನ್ನು ಓದಿ ಹೇಳಿದೆ.

ಆಮೇಲೆ ಮಾಹಿತಿ ಹಕ್ಕು ಅರ್ಜಿ. ‘ಹಣ ಏಕೆ ಕೊಟ್ಟಿಲ್ಲ’ ಎಂದು ಕೇಳಿದರೆ ಅನುದಾನದ ಉತ್ತರವೇ ಬರುತ್ತದೆ. ಕಡತದ ಸಂಖ್ಯೆ, ಅದು ಯಾವ ದಿನ ಯಾವ ಮೇಜಿಗೆ ಬಂತು, ಯಾವ ದಿನ ಹೋಯಿತು, ಟಿಪ್ಪಣಿ ಹಾಳೆಗಳ ನಕಲು, ಇಷ್ಟನ್ನೇ ಕೇಳಿದೆ. ಮೂವತ್ತನೆಯ ದಿನ ಹನ್ನೊಂದು ಹಾಳೆ ಬಂದವು. ಒಂಬತ್ತನೆಯ ಹಾಳೆಯಲ್ಲಿ ಹಸಿರು ಶಾಯಿಯಲ್ಲಿ ಒಂದು ಷರಾ: “ಫಲಾನುಭವಿಯ ಹೆಸರಿನಲ್ಲಿ ವ್ಯತ್ಯಾಸವಿದೆ. ಸ್ಪಷ್ಟೀಕರಣ ಕೋರಿ ಹಿಂದಿರುಗಿಸಿದೆ.” ತೀರ್ಪಿನಲ್ಲಿ ಅಜ್ಜಿಯ ಹೆಸರಿನ ಕೊನೆಗೆ ‘ಮ್ಮ’ ಇತ್ತು, ಪಹಣಿಯಲ್ಲಿ ಇರಲಿಲ್ಲ. ಬೆಂಗಳೂರಿನಿಂದ ಹಿಂದಿರುಗಿದ ಕಡತ ಹದಿನಾಲ್ಕು ತಿಂಗಳು ಒಂದೇ ಮೇಜಿನ ಮೇಲೆ ಮಲಗಿತ್ತು. ಆ ಹದಿನಾಲ್ಕು ತಿಂಗಳೂ ನ್ಯಾಯಾಲಯಕ್ಕೆ ಸಿಕ್ಕ ಉತ್ತರ ಅನುದಾನದ್ದೇ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೆಸರು ಎರಡಾದರೂ ವ್ಯಕ್ತಿ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ, ಆಧಾರ್ ಪ್ರತಿ ಲಗತ್ತಿಸಿ ಇಲಾಖೆಗೂ ನ್ಯಾಯಾಲಯಕ್ಕೂ ಕೊಟ್ಟೆ. ಅಷ್ಟರಲ್ಲಿ ಕೋವಿಡ್ ಬಂದು ಎಲ್ಲವೂ ನಿಂತಿತು. 2021ರ ಏಪ್ರಿಲ್‌ನಲ್ಲಿ ರಾಹುಲ್ ಎಸ್. ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದಿತು. ಅದನ್ನು ಮುಂದಿಟ್ಟು ಚರಾಸ್ತಿ ಜಪ್ತಿಗೆ ವಾರಂಟ್ ಕೇಳಿದೆ. ಆದೇಶವಾಯಿತು.

ಜಪ್ತಿಯ ದಿನ ನ್ಯಾಯಾಲಯದ ಆದೇಶ ಜಾರಿ ಮಾಡುವ ಅಮೀನರ ಜೊತೆ ನಾನೂ ಹೋದೆ. ಪತ್ರಿಕೆಗಳಲ್ಲಿ ಇಂಥ ಸುದ್ದಿ ಕುರ್ಚಿ ಹೊರುವ ಚಿತ್ರದೊಂದಿಗೆ ಬರುತ್ತದೆ, ಓದುವವರಿಗೆ ಖುಷಿಯಾಗುತ್ತದೆ. ಅಲ್ಲಿ ನಿಂತಾಗ ನನಗೆ ಖುಷಿಯಾಗಲಿಲ್ಲ. ಒಬ್ಬ ಹೆಣ್ಣುಮಗಳು ತನ್ನ ಊಟದ ಡಬ್ಬಿಯನ್ನು ಕುರ್ಚಿಯಿಂದೆತ್ತಿ ಎದೆಗವುಚಿಕೊಂಡು ಗೋಡೆಗೆ ಸರಿದು ನಿಂತರು. ಕಡತ ತಡೆದವರು ಅವರಲ್ಲ. ಅಮೀನರು ಆರು ಕುರ್ಚಿ, ಎರಡು ಕಂಪ್ಯೂಟರ್ ಪಟ್ಟಿ ಮಾಡುವಷ್ಟರಲ್ಲಿ ಅಧಿಕಾರಿ ಬೆಂಗಳೂರಿಗೆ ಫೋನ್ ಹಚ್ಚಿದರು. ಬಾಯಿಮಾತು ಬೇಡ, ಕಡತದ ಸಂಖ್ಯೆ ಮತ್ತು ತಾರೀಖು ಹಾಕಿ ನ್ಯಾಯಾಲಯಕ್ಕೆ ಮೆಮೊ ಕೊಡಿ ಎಂದೆ. ಮೂವತ್ತು ದಿನದ ಗಡುವು ಬರೆದುಕೊಟ್ಟರು. ಇಪ್ಪತ್ತಾರನೆಯ ದಿನ ಪೂರ್ತಿ ಹಣ ನ್ಯಾಯಾಲಯಕ್ಕೆ ಜಮೆಯಾಯಿತು.

ಅಜ್ಜಿಯ ಕಡತ ಮುಗಿದರೂ ಎರಡನೆಯ ಪ್ರಶ್ನೆ ಉಳಿದಿತ್ತು. ಅದೇ ಸ್ವಾಧೀನದಲ್ಲಿ ಜಮೀನು ಕಳೆದುಕೊಂಡ ಇನ್ನೂ ಏಳು ಮಂದಿಯ ಹೆಸರಿನಲ್ಲಿ ಇಂಥದ್ದೇ ವ್ಯತ್ಯಾಸವಿತ್ತು: ಒಬ್ಬರಿಗೆ ‘ಗೌಡ’ ಸೇರಿತ್ತು, ಇನ್ನೊಬ್ಬರಿಗೆ ತಂದೆಯ ಹೆಸರು ಬಿಟ್ಟಿತ್ತು. ಮೂವರು ವಕೀಲರು ಕೂಡಿ ಏಳೂ ಅಫಿಡವಿಟ್‌ಗಳನ್ನು ಒಟ್ಟಿಗೆ ಸಲ್ಲಿಸಿದೆವು. ಹೆಸರಿನ ತಕರಾರಿದ್ದರೆ ಹದಿನೈದು ದಿನದೊಳಗೆ ತೀರ್ಪು ಪಡೆದ ಡಿಕ್ರಿದಾರರಿಗೆ ತಿಳಿಸಬೇಕೆಂದು ಇಲಾಖೆಗೆ ಬರೆದೆವು. ಆ ಪತ್ರಕ್ಕೆ ಇಂದಿಗೂ ಉತ್ತರವಿಲ್ಲ. ಐವರಿಗೆ ಹಣ ಬಂದಿದೆ.

2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಲೆಕ್ಕದ ಪ್ರಕಾರ ದೇಶದಲ್ಲಿ 8.82 ಲಕ್ಷ ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಉಳಿದಿಬ್ಬರ ಅರ್ಜಿಗಳೂ ಅಂಥವೇ. ಅವರಲ್ಲೊಬ್ಬರು ಕಳೆದ ವರ್ಷ ತೀರಿಕೊಂಡರು. ಮಗನನ್ನು ವಾರಸುದಾರನಾಗಿ ಸೇರಿಸುವ ಅರ್ಜಿಯನ್ನು ಹಾಕಿದ್ದೇನೆ. ಅವನ ಹೆಸರನ್ನು ಪಹಣಿ, ಆಧಾರ್, ವಂಶವೃಕ್ಷ ಮೂರರಲ್ಲೂ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದ ಮೇಲೆಯೇ ಸಹಿ ಮಾಡಿದೆ.