ಹದಿಹರೆಯದವರ ತೂಕ: ತಟ್ಟೆಗಿಂತ ಮೊದಲು ಲೋಟ ನೋಡಿ

ಹದಿಹರೆಯದ ಮಕ್ಕಳು ದಪ್ಪಗಾಗುತ್ತಿದ್ದಾರೆ ಎನಿಸಿದ ಕೂಡಲೇ ಊಟ ಕಡಿಮೆ ಮಾಡಿಸಬೇಡಿ. ಅದು ಎತ್ತರ ಬೆಳೆಯುವ, ಮೂಳೆ ಗಟ್ಟಿಯಾಗುವ ವಯಸ್ಸು. ಮೊದಲು ಅವರು ಏನು ಕುಡಿಯುತ್ತಾರೆ ಎಂದು ಗಮನಿಸಿ. 330 ಮಿಲಿಲೀಟರಿನ ಒಂದು ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಅಂದರೆ ಎಂಟು ಚಮಚಕ್ಕೂ ಹೆಚ್ಚು. ಕುಡಿದ ಸಕ್ಕರೆಯಿಂದ ಹೊಟ್ಟೆ ತುಂಬಿದಂತೆ ಅನಿಸುವುದಿಲ್ಲ, ಹಾಗಾಗಿ ಊಟವೂ ಅಷ್ಟೇ ಹೋಗುತ್ತದೆ. ಪೊಟ್ಟಣದ ಹಣ್ಣಿನ ರಸವೂ ಇದಕ್ಕಿಂತ ಬಹಳ ಮೇಲಲ್ಲ, ಹಣ್ಣನ್ನು ಹಣ್ಣಾಗಿಯೇ ಕೊಡಿ. ಲೇಬಲ್ಲಿನಲ್ಲಿ 100 ಮಿಲಿಗೆ ಎಂದು ಬರೆದಿರುವ ಸಕ್ಕರೆಯ ಅಂಕಿಯನ್ನು ಇಡೀ ಬಾಟಲಿಗೆ ಲೆಕ್ಕ ಹಾಕಲು ಮಕ್ಕಳಿಗೇ ಹೇಳಿ. ನಮ್ಮ ಬುದ್ಧಿವಾದಕ್ಕಿಂತ ಅವರೇ ಮಾಡಿದ ಗುಣಾಕಾರ ಚೆನ್ನಾಗಿ ನಾಟುತ್ತದೆ.

ನಿದ್ದೆಯ ವಿಷಯವನ್ನು ಬಹಳ ಮಂದಿ ಮರೆಯುತ್ತಾರೆ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟರೆ ಹಸಿವು ಹೆಚ್ಚುತ್ತದೆ, ಸಿಹಿ ಮತ್ತು ಕರಿದ ತಿಂಡಿಗಳ ಕಡೆಗೇ ಕೈ ಹೋಗುತ್ತದೆ. ರಾತ್ರಿ ಮೊಬೈಲ್ ಚಾರ್ಜಿಗೆ ಹಾಕುವ ಜಾಗ ಮಲಗುವ ಕೋಣೆಯ ಹೊರಗಿರಲಿ. ದೊಡ್ಡವರದ್ದೂ ಅಲ್ಲೇ ಇರಲಿ.

ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಟ ಇಷ್ಟವಿಲ್ಲದಿದ್ದರೆ ನೃತ್ಯ, ಸೈಕಲ್, ಬಿರುಸಿನ ನಡಿಗೆ, ಯಾವುದಾದರೂ ಸರಿ.

ದಯವಿಟ್ಟು ನೆಂಟರ ಮುಂದೆ ಮಕ್ಕಳ ಮೈಕಟ್ಟಿನ ಮಾತೆತ್ತಬೇಡಿ, ತಮಾಷೆಗೂ ಬೇಡ. ಅವಮಾನವಾದರೆ ಕದ್ದು ತಿನ್ನುತ್ತಾರೆ, ಇಲ್ಲವೇ ಊಟವನ್ನೇ ಬಿಡುತ್ತಾರೆ. ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಪಟ್ಟಿ ಇವರಿಗೆ ಹೊಂದುವುದಿಲ್ಲ. ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆ ನೋಡಿ, ತೂಕ ಹೆಚ್ಚೋ ಅಲ್ಲವೋ ಎಂದು ವೈದ್ಯರೇ ಹೇಳಬೇಕು.